ಮೊಲದ ಬಾಲ

ಪಾರ್ಸೆಲ್ಲು ಕೈಗೆ ಬಂದಾಗಲೇ ಲೆನ್ಸಕ್ಕನಿಗೆ ಏನೋ ಎಡವಟ್ಟಾಗಿದೆ ಅನ್ನಿಸ್ತು. ಹರಳು ಕಳಿಸೋರು ಯಾರೂ ಹಾಗೆ ಕಟ್ಟಲ್ಲ ನೋಡಿ. ಹರಳು ಅಂದ್ರೆ ಹತ್ತಿಯಲ್ಲಿ ಸುತ್ತು, ಸುತ್ತ ಹಳೇ ಪೇಪರ್ ತುರುಕು, ಡಬ್ಬಕ್ಕೆ ಹಾಕು, ಮುಗೀತು. ಇದು ಏನಪ್ಪಾ ಅಂದ್ರೆ ಒಂದು ಪ್ಲಾಸ್ಟಿಕ್ ಚೀಲ, ಅದರ ಹೊರಗೆ ಇನ್ನೊಂದು, ಅದರ ಹೊರಗೆ ಮತ್ತೊಂದು, ಮೂರರ ಬಾಯಿಗೂ ಅಗಲವಾದ ಟೇಪು. ಒಳಗೆ ಇದ್ದದ್ದು ನಿಂಬೆಹಣ್ಣಿನ ಗಾತ್ರದ ಒಂದು ಕಪ್ಪು ಕಲ್ಲು. ಕಲ್ಲಿನ ಹೊಟ್ಟೆಯಲ್ಲಿ ಒಂದು ಗೂಡು. ಗೂಡಿನ ತುಂಬಾ ಬೆಳ್ಳಗೆ, ನುಣ್ಣಗೆ, ಮುಟ್ಟಿದ್ರೆ ಕರಗಿಹೋಗತ್ತೇನೋ ಅನ್ನೋ ಹಾಗೆ ಉಣ್ಣೆಯಂಥ ಹರಳಿನ ಎಳೆ. ಪಕ್ಕದಲ್ಲಿ ಒಂದು ಚೀಟಿ. ಚೀಟಿ ಮೇಲಿನ ಅಕ್ಷರ ಅವಳದ್ದೇ.

"ಮೆಸೊಲೈಟ್. ನೀರು ತಾಗಿಸಬಾರದು. ಧೂಳು ಕೂತರೆ ಮೆಲ್ಲಗೆ ಊದಿ."

ಲೆನ್ಸಕ್ಕ ಅಂದ್ರೆ ಯಾರು ಅಂತ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ರೆ ತಲೆಬುಡ ಸಿಗಲ್ಲ. ಕೊರಳಿಗೆ ತಾಳಿ ಇಲ್ಲ, ಸರ ಇಲ್ಲ, ಕಪ್ಪು ದಾರದಲ್ಲಿ ಒಂದು ಪುಟ್ಟ ಲೆನ್ಸು. ಅದಕ್ಕೇ ಆ ಹೆಸರು. ಮದುವೆ ಆಗಲಿಲ್ಲ, ಆಗು ಅಂತ ಯಾರೂ ಹೇಳಲೂ ಇಲ್ಲ, ಹೇಳೋಕೆ ಧೈರ್ಯ ಬೇಕಲ್ಲ. ಅಣ್ಣನ ಅಂಗಡಿಯಲ್ಲಿ ಕೆಲಸ. ಅಣ್ಣನದ್ದು ಹರಳಿನ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಶೆಡ್ಡು, ಮೇಲೆ ಮನೆ. ಜಲ್ಲಿ ಕ್ವಾರಿಯವರು ಬಂಡೆ ಒಡೆಯುವಾಗ ಸಿಗೋ ಹರಳಿನ ತುಂಡುಗಳನ್ನ ಇವನು ಎತ್ಕೊಂಡು ಬರ್ತಾನೆ. ಯಾವ ಬಂಡೆ? ಒಂದಾನೊಂದು ಕಾಲದಲ್ಲಿ ಜ್ವಾಲಾಮುಖಿ ಉಗುಳಿದ ಲಾವಾ ತಣ್ಣಗಾಗಿ ಆಗಿದ್ದು. ಸೋಡಾ ಬಾಟ್ಲಿ ಥರ ಅದರಲ್ಲಿ ಗಾಳಿಗುಳ್ಳೆ ಸಿಕ್ಕಿಹಾಕ್ಕೊಂಡು ಗೂಡು ಗೂಡಾಗಿರತ್ತೆ. ಆ ಗೂಡಿಗೆ ನೀರು ಇಳಿದು ಇಳಿದು, ಯಾರೂ ನೋಡದ ಕತ್ತಲಲ್ಲಿ ಹರಳು ಬೆಳೆಯತ್ತೆ. ಅಣ್ಣ ತಂದಿದ್ದಕ್ಕೆ ತಂಗಿ ಹೆಸರು ಹೇಳ್ತಾಳೆ. ಅತ್ತಿಗೆ ಶುಚಿ ಮಾಡ್ತಾಳೆ. ಅಣ್ಣ ಮಾರ್ತಾನೆ. ಮೂರೇ ಜನರ ಕಾರ್ಖಾನೆ.

ಹೆಸರು ಹೇಳೋದರಲ್ಲಿ ಲೆನ್ಸಕ್ಕನನ್ನ ಮೀರಿಸೋರು ಇರಲಿಲ್ಲ ಬಿಡಿ. ಇಪ್ಪತ್ತಾರು ವರ್ಷ ಪಳಗಿದ ಕಣ್ಣು. ಕಲ್ಲನ್ನ ಬೆಳಕಿಗೆ ಹಿಡಿದು, ಒಂದ್ಸಲ ತಿರುಗಿಸಿ, ಹೆಸರು ಹೇಳಿ ಕೆಳಗಿಟ್ರೆ ಆಯ್ತು. "ನಮ್ಮ ಪುಟ್ಟಿ ಹೇಳಿದ ಮೇಲೆ ಕಲ್ಲು ಕೂಡ ತಕರಾರು ಮಾಡಲ್ಲ" ಅಂತ ಅಣ್ಣ ಗಿರಾಕಿಗಳ ಮುಂದೆ ಎದೆ ತಟ್ಕೊಳ್ತಿದ್ದ. ಐವತ್ತು ದಾಟಿದ ಹೆಂಗಸಿಗೆ ಪುಟ್ಟಿ ಅನ್ನೋದು! ಆದ್ರೂ ಆ ಮಾತು ಕೇಳಿದಾಗೆಲ್ಲ ಅವಳು ಒಳಗೊಳಗೇ ಉಬ್ಬಿಹೋಗ್ತಿದ್ಳು.

ಪಾರ್ಸೆಲ್ಲಿನ ಜೊತೆ ಒಂದು ಕಾಗದ ಇತ್ತು. ಇವರ ಅಂಗಡಿಯಿಂದಲೇ ಕೊಂಡಿದ್ದ ಕಲ್ಲನ್ನ ವಾಪಸ್ ಕಳಿಸಿ, ಬೇರೆ ಊರಿನ ಮ್ಯೂಸಿಯಮ್ಮಿನ ಕಲ್ಲಿನ ವಿಭಾಗದವರು ಬರೆದದ್ದು. ಬೈಗುಳ ಇರಲಿಲ್ಲ, ಬೈದಿದ್ರೆ ಎಷ್ಟೋ ವಾಸಿ ಇತ್ತು. ತುಂಬಾ ಮರ್ಯಾದೆಯಾಗಿ ಬರೆದಿದ್ರು. ಮೆಷಿನ್ನಿಗೆ ಹಾಕಿ ನೋಡಿದೆವು, ಇದು ಮೆಸೊಲೈಟ್ ಅಲ್ಲ, ಅದರ ಹಾಗೇ ಕಾಣುವ ಎರಿಯೊನೈಟ್ ಎಂಬ ಬೇರೆ ಹರಳು. ಉಣ್ಣೆಯ ಅಡಿಗೆ ತೆಳ್ಳಗಿನ ತಟ್ಟೆ ತಟ್ಟೆ ಹರಳಿದೆ ನೋಡಿ, ಅದರ ಎರಡೂ ಕಡೆ ಉಣ್ಣೆ ಬೆಳೆದಿದೆ, ಮೆಸೊಲೈಟ್ ಹಾಗೆ ಬೆಳೆಯುವುದಿಲ್ಲ. ಇದರ ಎಳೆ ಉಸಿರಿನ ಜೊತೆ ಒಳಗೆ ಹೋದ್ರೆ ಹೊರಗೆ ಬರೋದಿಲ್ಲ. ಶ್ವಾಸಕೋಶದ ಹೊರಪೊರೆಗೆ ಕ್ಯಾನ್ಸರ್ ತರಬಲ್ಲದು, ಬಹಳ ವರ್ಷಗಳ ನಂತರ. ನಿಮ್ಮಲ್ಲಿ ಇದನ್ನು ಶುಚಿ ಮಾಡುವವರು ಇದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

'ಇವತ್ತೇ' ಅನ್ನೋದರ ಕೆಳಗೆ ಗೆರೆ ಎಳೆದಿದ್ರು.

ಆ ಹೊತ್ತಿಗೆ ಹಿಂದಿನ ಶೆಡ್ಡಿನಿಂದ ಫೂ, ಫೂ ಅಂತ ಸದ್ದು ಬರ್ತಿತ್ತು. ಅತ್ತಿಗೆ ಊದ್ತಿದ್ಳು.

ಬೇರೆ ಎಲ್ಲಾ ಹರಳನ್ನೂ ನೀರಲ್ಲಿ ಬ್ರಷ್ ಹಾಕಿ ತಿಕ್ಕಬಹುದು. ಈ ಉಣ್ಣೆಗೆ ಮಾತ್ರ ನೀರು ಬೀಳೋ ಹಾಗಿಲ್ಲ, ಬಿದ್ರೆ ನೆನೆದ ಬೆಕ್ಕಿನ ಥರ ಮುದುಡಿ ಅಂಟಿಕೊಂಡು ಕೂತುಬಿಡತ್ತೆ, ಕಾಸಿಗೂ ಬೇಡ. ಅದಕ್ಕೇ ಅತ್ತಿಗೆ ಒಂದು ಸಣ್ಣ ಕೊಳವೆ ಬಾಯಲ್ಲಿ ಇಟ್ಕೊಂಡು, ಕಲ್ಲನ್ನ ಮುಖದ ಹತ್ತಿರ ಹಿಡ್ಕೊಂಡು, ಗೂಡಿನೊಳಗಿನ ಮಣ್ಣು, ಚೂರು, ಮುರಿದ ಎಳೆ ಎಲ್ಲಾ ಉಸಿರಲ್ಲೇ ಹಾರಿಸ್ತಿದ್ಳು. ಮೆಷಿನ್ನಿನ ಗಾಳಿ ಆಗಲ್ಲ, ಒರಟು. ಮನುಷ್ಯರ ಉಸಿರೇ ಬೇಕು. ಊದಿ ಊದಿ ಉಣ್ಣೆ ಉಬ್ಬಿದ ಮೇಲೆ ಕಲ್ಲಿನೊಳಗೆ ಮೊಲ ತಲೆ ತೂರಿಸಿ ಬಾಲ ಹೊರಗೆ ಬಿಟ್ಟ ಹಾಗೆ ಕಾಣ್ತಿತ್ತು. 'ಮೊಲದ ಬಾಲ' ಅಂತ ಹೆಸರಿಟ್ಟವಳೂ ಅತ್ತಿಗೆಯೇ. ಹನ್ನೊಂದು ವರ್ಷದಿಂದ ಊದ್ತಿದ್ಳು. ಊದೋದು ಫೂ ಅಂತ ಹೊರಗೆ, ಸರಿ. ಆಮೇಲೆ ಉಸಿರು ತಗೋಬೇಕಲ್ಲ?

ಲೆನ್ಸಕ್ಕ ಕಾಗದ ತಗೊಂಡು ಸೀದಾ ಶೆಡ್ಡಿಗೆ ಓಡಬೇಕಿತ್ತು. ಓಡಲಿಲ್ಲ. ಅಣ್ಣನ ಹತ್ತಿರ ಹೋದಳು.

ಅಣ್ಣ ಕಾಗದ ಓದಿದ. ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

"ಯಾವನೋ ಮೆಷಿನ್ ಇಟ್ಕೊಂಡು ದೊಡ್ಡ ಮನುಷ್ಯ ಆಗಿದ್ದಾನೆ. ನೀನು ಹೇಳು. ನೀನು ತಪ್ಪು ಹೇಳಿದ್ಯಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನೇ? ಜೀವಮಾನದಲ್ಲಿ ಮೊದಲನೇ ಸಲ ಕೇಳ್ತಿದ್ದೀನಿ ಈ ಮಾತು ನಿನ್ನ ಬಾಯಲ್ಲಿ."

"ಅಣ್ಣ, ಅತ್ತಿಗೆಗೆ ಹೇಳಿಬಿಡೋಣ. ಸದ್ಯಕ್ಕೆ ನಿಲ್ಲಿಸಲಿ."

"ಏನಂತ ಹೇಳ್ತೀಯ? ಅವಳು ಹೆದರಿ ನೆಲಕ್ಕೆ ಬೀಳ್ತಾಳೆ. ಹನ್ನೊಂದು ವರ್ಷದಿಂದ ಊದ್ತಿದ್ದಾಳೆ, ಗುಂಡುಕಲ್ಲಿನ ಹಾಗಿದ್ದಾಳೆ. ನನಗೇ ಮೆಟ್ಟಿಲು ಹತ್ತಿದ್ರೆ ಏದುಸಿರು, ಅವಳು ನೀರಿನ ಬಿಂದಿಗೆ ಹಿಡ್ಕೊಂಡು ಹಾಡು ಹೇಳ್ಕೊಂಡು ಹತ್ತಾಳೆ. ಒಂದೇ ಒಂದು ಕಲ್ಲು ಹಾಗಿದ್ದಿರಬಹುದು. ಮೊದಲು ನೀನು ಖಾತ್ರಿ ಮಾಡ್ಕೋ. ಆಮೇಲೆ ಬಾಯಿ ಬಿಡು."

ಒಂದೇ ಕಲ್ಲು ಹಾಗಿದ್ದಿರಬಹುದು. ಈ ಮಾತು ಅವಳಿಗೆ ಮುಳುಗೋರ ಕೈಗೆ ಹಗ್ಗ ಸಿಕ್ಕ ಹಾಗಾಯ್ತು. ಗಟ್ಟಿಯಾಗಿ ಹಿಡ್ಕೊಂಡಳು.

ಹನ್ನೊಂದು ವರ್ಷದ ಹಿಂದೆ ಏನಾಗಿತ್ತು ಅಂದ್ರೆ, ಕ್ವಾರಿಯವರು ಕೆಳಗಿನ ಹೊಸ ಪದರಕ್ಕೆ ಕೈ ಹಾಕಿದ್ರು. ಅಲ್ಲಿಂದ ಮೊದಲನೇ ಉಣ್ಣೆ ಕಲ್ಲು ಬಂತು. ಲೆನ್ಸಿಗೆ ಹಿಡಿದ್ರೆ ಬಿಳೀ ಕೂದಲು. ಬಿಳೀ ಕೂದಲಿನ ಮೆಸೊಲೈಟ್ ಅವಳು ಸಾವಿರ ನೋಡಿದ್ಳು. ಲೆನ್ಸು ಕಣ್ಣಿಂದ ಕೆಳಗೆ ಇಳಿಯೋ ಮೊದಲೇ ಹೆಸರು ಬಾಯಿಗೆ ಬಂದಿತ್ತು. ಅಡಿಯಲ್ಲಿ ತಟ್ಟೆ ತಟ್ಟೆ ಇದ್ದದ್ದು ಕಂಡಿರಲಿಲ್ವಾ? ಕಂಡಿತ್ತು. ಏನೋ ಇರಬೇಕು ಅಂತ ಬಿಟ್ಟಳು. ಒಂದು ಚಿಟಿಕೆ ಕಿತ್ತು ಆ್ಯಸಿಡ್ಡಿಗೆ ಹಾಕಿದ್ರೆ ಆವತ್ತೇ ಗೊತ್ತಾಗ್ತಿತ್ತು. ನಿಜವಾದ ಮೆಸೊಲೈಟ್ ಆದ್ರೆ ಆ್ಯಸಿಡ್ಡಲ್ಲಿ ಕರಗಿ, ಗಂಜಿ ಆರಿದ ಹಾಗೆ ಲೊಳಲೊಳ ಗಟ್ಟಿಯಾಗತ್ತೆ. ಆದ್ರೆ ಅಷ್ಟು ಚಂದದ ಬಾಲದಿಂದ ಒಂದು ಚಿಟಿಕೆ ಕೀಳೋಕೆ ಅವಳಿಗೆ ಮನಸ್ಸು ಬರಲಿಲ್ಲ. ಅಣ್ಣ ಬೇರೆ ಫೋನಲ್ಲಿ ಗಿರಾಕಿ ಹಿಡ್ಕೊಂಡು "ಹೆಸರೇನೇ, ಹೆಸರೇನೇ" ಅಂತ ಕೈ ಆಡಿಸ್ತಿದ್ದ. ಹೇಳಿಬಿಟ್ಟಳು. ಆಮೇಲೆ ಬಂದಿದ್ದಕ್ಕೆಲ್ಲ ನೋಡೋದೇ ಬೇಡ. ಅದೇ ಪದರ, ಅದೇ ಹೆಸರು. ಈ ಕಸುಬಿನವರೆಲ್ಲ ಮಾಡೋದೇ ಹಾಗೆ.

ಮಧ್ಯಾಹ್ನ ಊಟ ಆದ ಮೇಲೆ ಶೆಡ್ಡಿಗೆ ಹೋದಳು. ಹೋಗುವಾಗ ಒಂದು ಟವಲ್ಲು ಒದ್ದೆ ಮಾಡಿ, ಮೂಗು ಬಾಯಿ ಮುಚ್ಚಿ, ತಲೆ ಹಿಂದೆ ಬಿಗಿಯಾಗಿ ಗಂಟು ಹಾಕ್ಕೊಂಡು ಹೋದಳು.

ಶೆಡ್ಡಿಗೆ ಇರೋದೇ ಒಂದು ಕಿಟಕಿ. ಅದರಿಂದ ಬಿಸಿಲು ಓರೆಯಾಗಿ ಬೀಳ್ತಿತ್ತು. ಆ ಬಿಸಿಲಲ್ಲಿ ಎಳೆಗಳು ತೇಲ್ತಿದ್ವು. ಬೆಳ್ಳಗೆ, ಸಣ್ಣಗೆ, ಬೀಳೋ ಮನಸ್ಸೇ ಇಲ್ಲದ ಹಾಗೆ. ಹನ್ನೊಂದು ವರ್ಷ ಆ ಬಿಸಿಲನ್ನ ಅವಳೂ ನೋಡಿದ್ಳು, ಧೂಳು ಅಂದ್ಕೊಂಡಿದ್ಳು. ಅತ್ತಿಗೆಯ ಕೂದಲ ಮೇಲೆ, ರೆಪ್ಪೆ ಮೇಲೆ, ಸೆರಗಿನ ಮೇಲೆ. ಮೇಜಿನ ಮೇಲೆ ಬಿದ್ದದ್ದನ್ನ ಅತ್ತಿಗೆ ಅಂಗೈಯಲ್ಲಿ ಗುಡಿಸಿ ಕೆಳಗೆ ತಳ್ತಿದ್ಳು.

"ಏನೇ ಇದು, ಬ್ಯಾಂಕಿಗೆ ಕನ್ನ ಹಾಕೋಕೆ ಹೊರಟಿದ್ಯಾ?" ಅಂದ್ಳು ಅತ್ತಿಗೆ, ಕೊಳವೆ ತೆಗೆದು.

"ನೆಗಡಿ ಅತ್ತಿಗೆ."

"ನೆಗಡಿನಾ! ದೂರ ನಿಂತ್ಕೋ ತಾಯಿ. ಇನ್ನೂ ಅರವತ್ತು ಪೀಸು ಊದೋದಿದೆ, ನಿಮ್ಮಣ್ಣ ಆರ್ಡರ್ ಒಪ್ಕೊಂಡು ಕೂತಿದ್ದಾರೆ. ನನಗೆ ಅಂಟಿಸಿಬಿಟ್ಟೀಯ."

ಟವಲ್ಲಿನ ಹಿಂದೆ ಲೆನ್ಸಕ್ಕನ ಬಾಯಿ ಒಂದ್ಸಲ ತೆರೆದು ಮುಚ್ಚಿದ್ದು ಅತ್ತಿಗೆಗೆ ಕಾಣಲಿಲ್ಲ. ಆರು ಟ್ರೇ ಇತ್ತು. ಒಂದೊಂದು ಟ್ರೇಯಿಂದ ಒಂದೊಂದು ಕಲ್ಲಿನ ಮೇಲೆ ಎಳೆ ಹಾರದ ಹಾಗೆ ನೀರು ಚಿಮುಕಿಸಿ, ಚಿಮ್ಮಟದಲ್ಲಿ ಚಿಟಿಕೆ ಉಣ್ಣೆ ಕಿತ್ತು, ಆರು ಸೀಸೆಗೆ ಹಾಕ್ಕೊಂಡಳು.

"ಅಯ್ಯೋ ಅಯ್ಯೋ, ನೀರು! ನೀನೇ ತಾನೇ ಬರೆದಿಡೋದು ನೀರು ತಾಗಿಸಬೇಡಿ ಅಂತ?"

"ಸ್ವಲ್ಪ ಪರೀಕ್ಷೆ ಅತ್ತಿಗೆ. ನೀವು... ಇವತ್ತಿಗೆ ಸಾಕು ಮಾಡಿ. ಕಣ್ಣು ಕೆಂಪಾಗಿದೆ."

"ನನ್ನ ಕಣ್ಣು ಹುಟ್ಟಿದಾಗಿಂದ ಹೀಗೇ. ನೀನು ಹೋಗಿ ಮಲ್ಕೋ, ಹೋಗು."

ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಮತ್ತೆ ಫೂ ಅಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹನ್ನೊಂದು ವರ್ಷದ ಹಿಂದೆ ಹೆಸರಿಡೋಕೆ ಇವಳಿಗೆ ಒಂದು ನೋಟ ಸಾಕಾಗಿತ್ತು. ಈಗ ಆ ಹೆಸರು ಕಿತ್ತುಹಾಕೋಕೆ ಮಾತ್ರ ಆರು ಸೀಸೆ ಪುರಾವೆ ಬೇಕಿತ್ತು. ಕೇಳಿದ್ರೆ ಅತ್ತಿಗೆಯನ್ನ ಸುಮ್ಮನೆ ಯಾಕೆ ಹೆದರಿಸೋದು ಅಂತಿದ್ಳು. ಆದ್ರೆ ಹೆದರಿದ್ದು ಯಾರು ಅಂತ ಅವಳಿಗೆ ಗೊತ್ತಿತ್ತು.

ತನ್ನ ಮೇಜಿನ ಮೇಲೆ ಏಳು ಗಾಜಿನ ನಳಿಗೆ ಸಾಲಾಗಿ ನಿಲ್ಲಿಸಿದಳು. ಆರರಲ್ಲಿ ಟ್ರೇಯ ಉಣ್ಣೆ. ಏಳನೇದರಲ್ಲಿ ಬೇರೆ ಕ್ವಾರಿಯಿಂದ ಬಂದ ನಿಜವಾದ ಮೆಸೊಲೈಟ್, ಅದರ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಏಳಕ್ಕೂ ಆ್ಯಸಿಡ್ ಹನಿಸಿ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟಳು. ಏಳೂ ಒಂದೇ ಥರ ಕಾಣ್ತಿತ್ತು. ಹೋಲೋದೇನು ಕಷ್ಟ? ಬಿಳಿ ಕೂದಲು ಬಿಳಿ ಕೂದಲಿನ ಹಾಗೇ ಇರತ್ತೆ. ಸಂಜೆ ನೋಡಿದಳು, ಊಟಕ್ಕೆ ಮುಂಚೆ ನೋಡಿದಳು, ಏನೂ ಹೇಳೋಕಾಗಲಿಲ್ಲ. ಊಟದಲ್ಲಿ ಅತ್ತಿಗೆ ಅವಳ ತಟ್ಟೆಗೆ ಬಿಸಿ ಬಿಸಿಯಾಗಿ ಬಡಿಸ್ತಾ, "ನೆಗಡಿಗೆ ಬಿಸಿ ತಿನ್ನಬೇಕು" ಅಂದ್ಳು. ಅಣ್ಣ ತಲೆ ಎತ್ತಲಿಲ್ಲ.

ಬೆಳಿಗ್ಗೆ ಹಲ್ಲು ಕೂಡ ಉಜ್ಜದೆ ಮೇಜಿನ ಹತ್ತಿರ ಹೋದಳು. ಏಳನೇ ನಳಿಗೆಯನ್ನ ಓರೆ ಮಾಡಿದ್ರೆ ಒಳಗಿದ್ದದ್ದು ಜರುಗಲಿಲ್ಲ. ಲೊಳಲೊಳ ಅಂತ ಗಟ್ಟಿಯಾಗಿ ಕೂತಿತ್ತು, ಸಾಚಾ ಮೆಸೊಲೈಟ್. ಮೊದಲನೇದು ಓರೆ ಮಾಡಿದಳು. ಆ್ಯಸಿಡ್ ನೀರಿನ ಹಾಗೆ ಹರಿದಾಡ್ತು. ಅದರೊಳಗೆ ಎಳೆಗಳು ಕೂದಲು ಕೊಂಕದೆ ಹಾಗೇ ತೇಲ್ತಿದ್ವು. ಎರಡನೇದು, ಹಾಗೇ. ಮೂರನೇದು, ಹಾಗೇ. ನಾಲ್ಕನೇದೂ ಹಾಗೇ. ಆರಕ್ಕೆ ಆರೂ. ಆ್ಯಸಿಡ್ಡಿಗೇ ಜಗ್ಗದ್ದು ಮನುಷ್ಯರ ಮೈಯೊಳಗೆ ಹೋಗಿ ಕೂತರೆ ಏನು ಕರಗೀತು?

ಅತ್ತಿಗೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ಳು. ಲೆನ್ಸಕ್ಕ ಹೊಸ್ತಿಲಲ್ಲಿ ನಿಂತು ಪೂರ್ತಿ ಹೇಳಿದಳು. ನಿಂತು ನಿಂತು, ತೊದಲಿ ತೊದಲಿ ಹೇಳಿದಳು. ಕಾಗದ ಕೈಗೆ ಕೊಟ್ಟಳು. ಅತ್ತಿಗೆ ಕೈ ಒರೆಸ್ಕೊಂಡು ಓದಿದಳು. ಹೆದರಿ ನೆಲಕ್ಕೇನೂ ಬೀಳಲಿಲ್ಲ.

"ಬಂದೇ ಬರತ್ತಾ?"

"ಹಾಗೇನಿಲ್ಲ. ಬರದೇನೂ ಇರಬಹುದು."

"ಯಾವಾಗ ಗೊತ್ತಾಗತ್ತೆ?"

"ಇಪ್ಪತ್ತು ವರ್ಷ, ಮೂವತ್ತು ವರ್ಷ... ಹೇಳೋಕಾಗಲ್ಲ."

ಅತ್ತಿಗೆ ಬೆರಳು ಮಡಚಿದಳು. ನಲವತ್ತೇಳಕ್ಕೆ ಶುರು ಮಾಡಿದ್ದು, ಈಗ ಐವತ್ತೆಂಟು. ಅರವತ್ತೇಳು, ಎಪ್ಪತ್ತು, ಎಪ್ಪತ್ತೈದು. ಆಮೇಲೆ ಬೆರಳು ಬಿಟ್ಟಳು.

"ಒಂದು ಸೀನು ಬರಲಿಲ್ಲ ಕಣೇ. ಒಂದು ಕೆಮ್ಮು ಬರಲಿಲ್ಲ. ಖಾರದಪುಡಿಗಾದ್ರೂ ನಾಚಿಕೆ ಇದೆ, ಮೂಗಿಗೆ ಬಂದ್ರೆ ಬಂದೆ ಅಂತ ಹೇಳತ್ತೆ." ಕಾಗದ ಮಡಚ್ತಾ, "ಈ ಕಾಗದ ಯಾವಾಗ ಬಂತು?" ಅಂದ್ಳು.

"ನಿನ್ನೆ ಬೆಳಿಗ್ಗೆ."

"ಮುಖಕ್ಕೆ ಬಟ್ಟೆ ಕಟ್ಕೊಂಡು ಬಂದ್ಯಲ್ಲ, ಅದು?"

"ಓದಿ ಆಗಿತ್ತು."

ಈರುಳ್ಳಿ ಅರ್ಧ ಹೆಚ್ಚಿದ್ದು ಹಾಗೇ ಇತ್ತು. ಹೊರಗೆ ಯಾವುದೋ ಗಾಡಿ ಹಾರ್ನ್ ಹಾಕ್ಕೊಂಡು ಹೋಯ್ತು.

"ನೀನು ಹೋದ ಮೇಲೆ ಒಂಬತ್ತು ಪೀಸು ಮಾಡಿದೆ" ಅಂದ್ಳು ಅತ್ತಿಗೆ. ಅಷ್ಟೇ. ಕೂಗಲಿಲ್ಲ, ಶಾಪ ಹಾಕಲಿಲ್ಲ. ಲೆನ್ಸಕ್ಕನಿಗೆ ಕಪಾಳಕ್ಕೆ ಹೊಡೆದಿದ್ರೂ ತಡ್ಕೋಬಹುದಿತ್ತು. ಒಂಬತ್ತು ಅನ್ನೋ ಅಂಕಿಯನ್ನ ತಡ್ಕೊಳ್ಳೋಕಾಗಲಿಲ್ಲ.

ಅಣ್ಣ ಬಂದ. ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯ್ತು. ತಕ್ಷಣ ಅವನ ತಲೆ ಓಡಿದ್ದು ಎಲ್ಲಿಗೆ ಗೊತ್ತಾ? "ಹಿತ್ತಲಲ್ಲಿ ಗುಂಡಿ ತೋಡಿ ಎಲ್ಲಾ ಹೂತುಬಿಡೋಣ. ಯಾರಿಗೂ ಹೇಳೋದು ಬೇಡ. ನಲವತ್ತು ವರ್ಷದ ಹೆಸರು."

"ಮಾರಿದ್ದನ್ನ ಎಲ್ಲಿ ಹೂಳ್ತೀರಿ?" ಅಂದ್ಳು ಅತ್ತಿಗೆ. "ನಿಮ್ಮ ತಂಗಿ ಚೀಟಿ ಬೇರೆ ಇಟ್ಟಿದ್ದಾಳೆ, ಧೂಳು ಕೂತರೆ ಊದಿ ಅಂತ. ಎಷ್ಟು ಮನೆಯಲ್ಲಿ ಊದ್ತಾ ಕೂತಿದ್ದಾರೋ. ಫೋನ್ ತಗೊಳ್ಳಿ."

"ನಾನು ಏನಂತ..."

"ನನ್ನ ಹೆಂಡತಿ ಹನ್ನೊಂದು ವರ್ಷ ಊದಿದ್ದಾಳೆ, ನೀವು ಊದಬೇಡಿ ಅನ್ನಿ. ಅಷ್ಟು ಬಾಯಿಗೆ ಬರಲ್ವಾ?"

ಬಂತು. ಬರಲೇಬೇಕಿತ್ತು. ಎರಡು ದಿನ ಅಣ್ಣ ಅಂಗಡಿಯ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿದ. ಲೆನ್ಸಕ್ಕ ಪಕ್ಕದಲ್ಲಿ ಪಟ್ಟಿ ಹಿಡ್ಕೊಂಡು ಗೆರೆ ಹೊಡೀತಿದ್ಳು. ಕೆಲವರು ಬೈದ್ರು. ಒಬ್ಬ ನಕ್ಕ. ಒಬ್ಬಾಕೆ ಪೂರ್ತಿ ಕೇಳಿಸ್ಕೊಂಡು, ಏನೂ ಹೇಳದೆ, ಫೋನ್ ಇಡದೆ, ಆ ಕಡೆ ಸುಮ್ಮನೆ ಉಸಿರಾಡ್ತಾ ಕೂತುಬಿಟ್ಟಳು. ಅಣ್ಣನೇ ಫೋನ್ ಇಡಬೇಕಾಯ್ತು. ಇಪ್ಪತ್ತಮೂರು ನಂಬರು ಈಗ ಚಾಲ್ತಿಯಲ್ಲೇ ಇರಲಿಲ್ಲ. ಆ ಇಪ್ಪತ್ತಮೂರು ಬಾಲಗಳು ಯಾರ ಕಪಾಟಿನಲ್ಲಿ ಕೂತಿವೆಯೋ, ಇವತ್ತಿಗೂ ಗೊತ್ತಿಲ್ಲ.

ಮೂರನೇ ದಿನ, ಮ್ಯೂಸಿಯಮ್ಮಿನವರು ಸುದ್ದಿ ಮುಟ್ಟಿಸಿದ್ದ ಸರ್ಕಾರಿ ಆಫೀಸಿನವರು ಬಂದ್ರು. ತಲೆಯಿಂದ ಕಾಲಿನವರೆಗೆ ಬಿಳೀ ಉಡುಪು, ಮುಖಕ್ಕೆ ಹಂದಿಮೂತಿಯಂಥ ಮಾಸ್ಕು. ಶೆಡ್ಡಿನೊಳಗೆಲ್ಲ ಪೈಪಲ್ಲಿ ನೀರು ಬಿಟ್ಟು ನೆನೆಸಿ, ಟ್ರೇಗಳು, ಮೇಜು, ಕಿಟಕಿಯ ಪರದೆ, ಅತ್ತಿಗೆ ಹನ್ನೊಂದು ವರ್ಷ ಕೂತಿದ್ದ ಸ್ಟೂಲು, ಎಲ್ಲಾ ಚೀಲಕ್ಕೆ ತುಂಬಿ ಒಯ್ದರು. ಕ್ವಾರಿಗೂ ಹೋಗಿ ಆ ಪದರದ ಕೆಲಸ ನಿಲ್ಲಿಸಿದ್ರಂತೆ. ಅಲ್ಲಿಂದ ಹೋದ ಜಲ್ಲಿ ಯಾವ ಯಾವ ರಸ್ತೆಗೆ ಬಿತ್ತು ಅಂತ ಕೇಳಿದ್ದಕ್ಕೆ ಕ್ವಾರಿಯವನು ತಲೆ ಕೆರ್ಕೊಂಡನಂತೆ. ಎದುರು ಮನೆಯವರು ಕಿಟಕಿ ಸಂದಿಯಿಂದ ನೋಡ್ತಿದ್ರು. ಅತ್ತಿಗೆ ಮೆಟ್ಟಿಲ ಮೇಲೆ ನಿಂತು, "ನೋಡೇ, ಅವರು ಕಾಲು ಗಂಟೆಗೆ ಅಷ್ಟೆಲ್ಲ ತೊಟ್ಟಿದ್ದಾರೆ" ಅಂದ್ಳು. ಅವಳ ಮೈಮೇಲೆ ಮಾಮೂಲಿ ಹತ್ತಿ ಸೀರೆ.

ಆಸ್ಪತ್ರೆಗೆ ಮೂವರೂ ಹೋದರು. ಎದೆಯ ಫೋಟೋ ತೆಗೆಸಿದ್ರು. ಡಾಕ್ಟರು ಅತ್ತಿಗೆಯ ಫಿಲ್ಮನ್ನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು. ಲೆನ್ಸಕ್ಕ ಡಾಕ್ಟರ ಕಣ್ಣನ್ನೇ ನೋಡ್ತಾ ಕೂತಳು. ಒಂದೇ ನೋಟಕ್ಕೆ ಹೇಳಬೇಡಪ್ಪಾ, ಇನ್ನೊಂದ್ಸಲ ನೋಡು, ಇನ್ನೊಂದ್ಸಲ ನೋಡು ಅಂತ ಒಳಗೇ ಕೈಮುಗೀತಿದ್ಳು.

"ಈಗ ಏನೂ ಕಾಣಿಸ್ತಿಲ್ಲ" ಅಂದ್ರು ಡಾಕ್ಟರು.

"ಏನೂ ಇಲ್ಲ! ಕೇಳಿದ್ಯೇನೇ? ಏನೂ ಇಲ್ವಂತೆ!" ಅಣ್ಣ ಕುರ್ಚಿಯಿಂದ ಎದ್ದೇ ಬಿಟ್ಟ.

"ವರ್ಷಕ್ಕೊಂದ್ಸಲ ಬಂದು ತೋರಿಸ್ಕೊಳ್ಳಿ."

"ಎಷ್ಟು ವರ್ಷ ಬರಬೇಕು ಡಾಕ್ಟ್ರೇ?" ಅಂದ್ಳು ಅತ್ತಿಗೆ.

ಡಾಕ್ಟರು ಫೈಲು ಮುಚ್ಚಿ, "ಬರ್ತಾ ಇರಿ" ಅಂದ್ರು.

ವಾಪಸ್ ಬಂದ ಮೇಲೆ ಅಂಗಡಿ ಬಾಗಿಲು ತೆಗೀತು. ಲೆನ್ಸಕ್ಕ ಈಗ ಪ್ರತಿ ಕಲ್ಲಿಗೂ ಚಿಟಿಕೆ ಕೀಳ್ತಾಳೆ, ಆ್ಯಸಿಡ್ ಹಾಕ್ತಾಳೆ, ಅನುಮಾನ ಬಂದ್ರೆ ಮೆಷಿನ್ನಿಗೆ ಕಳಿಸ್ತಾಳೆ. ಹೆಸರು ಬಾಯಿಗೆ ಬಂದ್ರೂ ನುಂಗ್ಕೊಳ್ತಾಳೆ. ಅತ್ತಿಗೆ ಅವಳ ಹತ್ತಿರ ಮಾತಾಡ್ತಾಳೆ, ಮೊದಲಿನ ಹಾಗೇ ತಮಾಷೆ ಮಾಡ್ತಾಳೆ. ಆ ಒಂಬತ್ತರ ಸುದ್ದಿ ಮತ್ತೆ ಎತ್ತಲಿಲ್ಲ. ಎತ್ತದೇ ಇರೋದೇ ಲೆನ್ಸಕ್ಕನಿಗೆ ಭಾರ.

ಮೊನ್ನೆ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ರು. ಅಣ್ಣ ಯಾವುದೋ ಗಿರಾಕಿಯ ಪೆದ್ದುತನ ಹೇಳ್ತಿದ್ದ, ಅತ್ತಿಗೆ ನೀರು ಕುಡೀತಾ ನಗೋಕೆ ಹೋದಳು, ನೀರು ನೆತ್ತಿಗೇರಿತು. ಕೆಮ್ಮು. ಒಂದು, ಎರಡು, ಮೂರು. ಅಣ್ಣನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಲೆನ್ಸಕ್ಕ ಎದ್ದು ನಿಂತಿದ್ಳು, ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ. ನಾಲ್ಕು, ಐದು. ನಿಲ್ತು. ಅತ್ತಿಗೆ ಕಣ್ಣೀರು ಒರೆಸ್ಕೊಂಡು, ನೆತ್ತಿ ತಟ್ಕೊಂಡು, ಇಬ್ಬರ ಮುಖ ನೋಡಿದಳು.

"ನೀರು ಕಣ್ರೀ, ಬರೀ ನೀರು" ಅಂದ್ಳು. "ಯಾರೋ ನನ್ನ ನೆನೆಸ್ಕೊಂಡ್ರು ಅಷ್ಟೇ."

ಯಾರೂ ನಗಲಿಲ್ಲ. ಅತ್ತಿಗೆ ಲೋಟ ಕೆಳಗಿಟ್ಟು, ಉಸಿರನ್ನ ಒಂದ್ಸಲ ಉದ್ದಕ್ಕೆ ಒಳಗೆ ಎಳ್ಕೊಂಡು, ಅದು ಎಲ್ಲಿವರೆಗೆ ಹೋಗತ್ತೆ ಅಂತ ನೋಡೋರ ಹಾಗೆ ಸ್ವಲ್ಪ ಹೊತ್ತು ಹಿಡಿದಿಟ್ಟಳು.